ಆಟಿಯ ಮಳೆ, ಮಾಯಿಯ ಹೂ

ಸುರತ್ಕಲ್‌ಗೆ ವಸಂತ ಬರುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಇಲ್ಲಿರುವುದು ಎರಡೇ ಕಾಲ, ಒಂದು ಮಳೆ, ಇನ್ನೊಂದು ಸೆಕೆ ಎನ್ನುತ್ತಾರೆ. ಹೆದ್ದಾರಿ 66ರಲ್ಲಿ ಟ್ಯಾಂಕರ್‌ಗಳ ಸಾಲು, ಬೈಕಂಪಾಡಿಯ ಕೈಗಾರಿಕೆಗಳು, ಗುಡ್ಡದಾಚೆ ಎಂಆರ್‌ಪಿಎಲ್ ತೈಲಾಗಾರದ ಚಿಮಣಿ, ಬೆವರು, ಉಪ್ಪುಗಾಳಿ. ಇದರ ನಡುವೆ ವಸಂತಕ್ಕೆ ಜಾಗ ಎಲ್ಲಿ?

ಉಂಟು! ಕಣ್ಣು ಬಿಟ್ಟು ನೋಡಿದರೆ ಉಂಟು, ಮೂಗು ತೆರೆದಿಟ್ಟರಂತೂ ಇನ್ನೂ ಹೆಚ್ಚು ಉಂಟು! ಜನವರಿಯಲ್ಲಿ ಗುಡ್ಡದ ಗೇರುಮರಗಳು ಶುರುಮಾಡುತ್ತವೆ. ಸಣ್ಣ ಸಣ್ಣ ಹೂವಿನ ಗೊಂಚಲು, ಅರಳಿದ ದಿನ ಬಿಳಿ, ಆಮೇಲೆ ನಸುಗೆಂಪು, ಸಂಜೆಗಾಳಿಗೆ ಒಂದು ಸಿಹಿ ಅಮಲು. ಅದರ ಹಿಂದೆಯೇ ಕಾಟುಮಾವು. ಫೆಬ್ರವರಿಯಲ್ಲಿ ಬೂರುಗ ಎಲೆಯನ್ನೆಲ್ಲ ಉದುರಿಸಿ, ಬೋಳು ಕೊಂಬೆಗೆ ಕೆಂಡದ ಬಣ್ಣದ ಹೂ ಹೊತ್ತು ನಿಂತರೆ ಮೈನಾ, ಕಾಜಾಣ, ಪಿಕಳಾರಗಳ ಸಂತೆಯೇ ನೆರೆಯುತ್ತದೆ. ಮಾರ್ಚ್‌ನಲ್ಲಿ ಹೊಂಗೆ ಚಿಗುರಿ, ಅದರ ಬೆನ್ನಿಗೇ ಹೂಬಿಟ್ಟು, ರಸ್ತೆಯ ಡಾಮರಿನ ಮೇಲೆ ತಿಳಿಗುಲಾಬಿ ಚಾಪೆ ಹಾಸುತ್ತದೆ. ನೇರಳೆ ಅರಳಿ ಜೇನ್ನೊಣಗಳ ಮೊರೆತ ಮರದ ಕೆಳಗೆ ನಿಂತವರ ಕಿವಿ ತುಂಬುತ್ತದೆ. ದೇವಕಣಗಿಲೆಯ ಬರಲು ಕೊಂಬೆಯ ತುದಿಯಲ್ಲಿ ಬಿಳಿ-ಹಳದಿ ಹೂ. ಎಪ್ರಿಲ್‌ನಲ್ಲಿ ಕಕ್ಕೆ! ಇಷ್ಟರಲ್ಲಿ ಎಲ್ಲೋ ಒಂದು ನಾಗಬನದ ಒಳಗೆ, ಯಾರ ಕಣ್ಣಿಗೂ ಬೀಳದಂತೆ, ಸುರಗಿ.

ಈ ಸಾಲನ್ನು ನಾನು ಬಾಲ್ಯದಿಂದಲೂ ನೋಡಿದ್ದೆ. ಆದರೆ ಅದರ ಒಳಗಿನ ಸತ್ಯ ತಿಳಿದದ್ದು ಇತ್ತೀಚೆಗೆ. ತಿಳಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಂಡಕಂಡವರಿಗೆಲ್ಲ ಹೇಳಿದೆ. ಈಗ ನಿಮಗೂ ಹೇಳಬೇಕು.

ಪ್ರಶ್ನೆ ಇದು: ಮರಗಳು ಹೂ ಬಿಡಲು ಈ ಕಾಲವನ್ನೇ ಏಕೆ ಆರಿಸಿಕೊಂಡವು? ಮಂಗಳೂರಿನ ಸುತ್ತಮುತ್ತ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಿದ್ದು ಹೋಗುತ್ತದೆ. ಡಿಸೆಂಬರ್ ದಾಟಿದರೆ ಆಕಾಶದಿಂದ ಹನಿ ಬೀಳುವುದೇ ಅಪರೂಪ. ನಮ್ಮ ಮುರಕಲ್ಲಿನ ನೆಲವೂ ನೀರನ್ನು ಹೆಚ್ಚು ಹೊತ್ತು ಮೇಲೆ ಇಟ್ಟುಕೊಳ್ಳುವುದಿಲ್ಲ. ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಈ ತೂತುತೂತಿನ ಕೆಂಪುಕಲ್ಲು ಮಳೆಯನ್ನು ಗಟಗಟನೆ ಕುಡಿದು ಕೆಳಗಿಳಿಸಿಬಿಡುತ್ತದೆ. ಫೆಬ್ರವರಿಗೆ ಪದವಿನ ಹುಲ್ಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮಾರ್ಚ್‌ಗೆ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗದ ತುಂಡು ಕಟ್ಟಬೇಕಾಗುತ್ತದೆ. ಮನುಷ್ಯರು ನೀರಿಗಾಗಿ ಕೊಡ ಸಾಲಾಗಿಡುವ ಆ ಕಾಲವನ್ನೇ ಹಿಡಿದು ಮರಗಳು ಹೂವಿನಂಥ ದುಬಾರಿ ವಸ್ತುವನ್ನು ತಯಾರಿಸಲು ಕೂರುತ್ತವೆಯಲ್ಲ! ಹೂವಿನಲ್ಲಿ ಬಹುಪಾಲು ನೀರೇ. ಆ ನೀರು ಎಲ್ಲಿಂದ ಬಂತು?

ರೋಲ್ಫ್ ಬೋರ್ಚರ್ಟ್ ಎಂಬ ಸಸ್ಯವಿಜ್ಞಾನಿ ಮಧ್ಯ ಅಮೆರಿಕದ ಕೋಸ್ಟರಿಕಾದ ಒಣಕಾಡುಗಳಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಮರಗಳ ಕಾಂಡದೊಳಗಿನ ನೀರನ್ನು ಅಳೆದರು. 1994ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುವುದು ಇಷ್ಟು. ಬೇಸಿಗೆಯ ನಡುವೆ ಅರಳುವ ಮರಗಳು ಆಗ ಬೀಳುವ ಮಳೆಯನ್ನು ನಂಬಿ ಕುಳಿತಿಲ್ಲ. ಕೆಲವು ಮರಗಳ ಬೇರು ಆಳದ ತೇವಕ್ಕೆ ಮುಟ್ಟುತ್ತದೆ. ಮೆತ್ತನೆಯ, ಹಗುರ ಕಾಂಡದ ಮರಗಳು ಮಳೆಗಾಲದ ನೀರನ್ನು ಮೈಯೊಳಗೇ ತುಂಬಿಟ್ಟುಕೊಳ್ಳುತ್ತವೆ. ಎಲೆಯಿದ್ದಷ್ಟು ದಿನ ಆ ನೀರು ಎಲೆಯ ಮೂಲಕ ಗಾಳಿಗೆ ಹೋಗುತ್ತಿರುತ್ತದೆ. ಮರ ಎಲೆ ಉದುರಿಸಿದ ಮೇಲೆ ಸೋರಿಕೆ ನಿಲ್ಲುತ್ತದೆ, ಒಣಗಿದ ಕೊಂಬೆ ಒಳಗಿನಿಂದ ಮತ್ತೆ ತೇವಗೊಳ್ಳುತ್ತದೆ, ಅದುವರೆಗೆ ನಿದ್ದೆಯಲ್ಲಿದ್ದ ಮೊಗ್ಗು ಉಬ್ಬಿ ಒಡೆಯುತ್ತದೆ.

ಇದನ್ನು ಓದಿ ನಾನು ಹೊರಗೆ ಬಂದು ಬೂರುಗದ ಮರದ ಎದುರು ನಿಂತೆ. ಅದರ ಮರಮುಟ್ಟು ಎಷ್ಟು ಹಗುರ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಹಿಂದೆ ಬೆಂಕಿಕಡ್ಡಿಗೆ ಬಳಸುತ್ತಿದ್ದರು. ಆ ಮುಳ್ಳುಮುಳ್ಳಿನ ಕಾಂಡ ನನಗೆ ಆಗ ನೀರು ತುಂಬಿದ ಗುಡಾಣದಂತೆ ಕಂಡಿತು. ಯಾವ ನೀರು? ಜುಲೈನ ನೀರು. ಆಗಸ್ಟಿನ ನೀರು. ತುಳುವರ ಆಟಿ ತಿಂಗಳ ನೀರು!

ಆಟಿ ಎಂದರೆ ಏನೆಂದು ಕರಾವಳಿಯ ಹಿರಿಯರನ್ನು ಕೇಳಬೇಕು. ಬಿಡದೆ ಹೊಡೆಯುವ ಮಳೆ, ಕಡಲಿಗೆ ಇಳಿಯದ ದೋಣಿ, ಬರಿದಾದ ಅಕ್ಕಿಮುಡಿ, ಕೆಸುವಿನ ಎಲೆ, ತಗಟೆ ಸೊಪ್ಪು, ಹಲಸಿನ ಬೀಜದಲ್ಲಿ ದಿನ ದೂಡಿದ ಹೊಟ್ಟೆಗಳು. ಮದುವೆ ಮುಂಜಿ ಇಲ್ಲದ ತಿಂಗಳು. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ರೋಗ ದೂರವಾಗಲಿ ಎಂದು ಬೇಡಿಕೊಳ್ಳುವ ತಿಂಗಳು. ಮಾರಿ ಕಳೆಯಲು ಆಟಿ ಕಳೆಂಜ ಮನೆಮನೆಗೆ ಬರುವ ತಿಂಗಳು. ವರ್ಷದಲ್ಲೇ ಅತಿ ಕಷ್ಟದ ಆ ತಿಂಗಳಲ್ಲಿ ಬಿದ್ದ ನೀರೇ ಆರು ತಿಂಗಳು ಕತ್ತಲಲ್ಲಿ ಇದ್ದು, ಫೆಬ್ರವರಿ–ಮಾರ್ಚ್‌ನ ಮಾಯಿ ತಿಂಗಳ ಬಿಸಿಲಿಗೆ ಕೆಂಪು ಹೂವಾಗಿ ಹೊರಬರುತ್ತದೆ. ಬೂರುಗದ ಹೂವನ್ನು ಕೈಯಲ್ಲಿ ಹಿಡಿದರೆ ದಪ್ಪ, ತಣ್ಣಗೆ, ಭಾರ. ಆ ಭಾರ ಆಟಿಯದು!

ದೇವರ ಮೇಲೆ ಭರವಸೆ ಇಡಿ ಎಂದು ಹೇಳುವ ಪ್ರವಚನಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಈ ಒಂದು ಹೂವಿನಷ್ಟು ಯಾವುದೂ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಕಷ್ಟಕಾಲ ಮುಗಿದ ಮೇಲೆ ಒಳ್ಳೆಯ ಕಾಲ ಬರುತ್ತದೆ ಎನ್ನುವುದು ಸಾಮಾನ್ಯ ಸಮಾಧಾನ. ಇಲ್ಲಿ ನಡೆಯುತ್ತಿರುವುದು ಅದಕ್ಕಿಂತ ದೊಡ್ಡದು: ಕಷ್ಟಕಾಲದ ಸರಕಿನಿಂದಲೇ ಒಳ್ಳೆಯ ಕಾಲ ತಯಾರಾಗುತ್ತಿದೆ. ಅಷ್ಟೇ ಅಲ್ಲ, ಈ ಮರಗಳು ಮುಂದಿನ ಮಳೆಯ ಖಾತ್ರಿ ಸಿಗುವವರೆಗೆ ಕಾಯುವುದಿಲ್ಲ. ಇರುವ ಕೊನೆಯ ನೀರನ್ನು ಹೂವಿಗೆ ಸುರಿದುಬಿಡುತ್ತವೆ. ಗೇರುಬೀಜ, ಮಾವಿನ ಗೊರಟು, ಬೂರುಗದ ಹತ್ತಿಗೆ ಅಂಟಿದ ಬೀಜ, ಎಲ್ಲವೂ ಎಪ್ರಿಲ್–ಮೇ ಹೊತ್ತಿಗೆ ನೆಲಕ್ಕೆ ಬಿದ್ದು ಸಿದ್ಧವಾಗಿರುತ್ತವೆ, ಜೂನ್‌ನ ಮೊದಲ ಮಳೆಗೆ ಮೊಳೆಯಲು. ಮಳೆ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಬದುಕು ಅದು!

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೇ? ವಿಜ್ಞಾನದ ಭಾಷೆಯಲ್ಲಿ ಗೊತ್ತಿರಲಿಕ್ಕಿಲ್ಲ. ಆದರೆ ಕೆಡ್ಡಸವನ್ನು ನೋಡಿ!

ಮಕರ ಮಾಸದ ಕೊನೆಗೆ, ಫೆಬ್ರವರಿಯ ಎರಡನೇ ವಾರದ ಆಸುಪಾಸಿಗೆ, ತುಳುನಾಡಿನ ಭೂಮಿತಾಯಿ ಮೂರು ದಿನ ಮುಟ್ಟಾಗುತ್ತಾಳೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ಹುರಿದ ಅಕ್ಕಿ, ಹುರುಳಿಗೆ ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೆರಿ ಮಾಡುತ್ತಾರೆ. ಕೊನೆಯ ದಿನ ಬೆಳಿಗ್ಗೆ ಮನೆಯ ಹೆಂಗಸರು ತುಳಸಿಕಟ್ಟೆಯ ಬಳಿ ನೆಲ ಸಾರಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು, ಮಣ್ಣಿಗೆ ಎಣ್ಣೆ ಎರೆಯುತ್ತಾರೆ. ಭೂಮಿ ಮಿಂದು ಏಳುತ್ತಾಳೆ. ಇನ್ನು ಅವಳು ಫಲ ಹೊರಲು ಸಿದ್ಧ.

ಭೂಮಿ ಮುಟ್ಟಾಗುವ ನಂಬಿಕೆ ನಮ್ಮದು ಮಾತ್ರವಲ್ಲ. ಅಸ್ಸಾಮಿನ ಕಾಮಾಖ್ಯದ ಅಂಬುಬಾಚಿ, ಒಡಿಶಾದ ರಜಪರ್ವ ಇವೂ ಅದೇ ಬಗೆಯವು. ಆದರೆ ಅವೆರಡೂ ಜೂನ್ ತಿಂಗಳಲ್ಲಿ, ಮಳೆ ಕಾಲಿಡುವ ಹೊತ್ತಿಗೆ ಬರುತ್ತವೆ. ಮಣ್ಣು ನೆನೆದು ಕೆಂಪುನೀರು ಹರಿಯುವಾಗ ಭೂಮಿಯ ಫಲವತ್ತತೆ ಯಾರ ಕಣ್ಣಿಗೂ ಕಾಣುತ್ತದೆ. ತುಳುನಾಡು, ಅದರ ಜೊತೆಗೆ ಉಚ್ಚಾರಲ್ ಆಚರಿಸುವ ಮಲಬಾರು, ಆರಿಸಿಕೊಂಡದ್ದು ಒಣ ಫೆಬ್ರವರಿಯನ್ನು! ನೆಲ ಬಿರಿದ, ಕೊಯ್ಲು ಮುಗಿದ, ಹನಿ ನೀರಿಲ್ಲದ ಹೊತ್ತಿನಲ್ಲಿ ‘ಅವಳು ಈಗ ತಾಯಾಗಲು ಸಿದ್ಧಳಾಗುತ್ತಿದ್ದಾಳೆ, ಮುಟ್ಟಬೇಡಿ’ ಎಂದು ಒಂದು ಜನಸಮುದಾಯ ಕತ್ತಿ-ಹಾರೆ ಕೆಳಗಿಟ್ಟಿತು. ಇಷ್ಟು ಧೈರ್ಯದ ಹಬ್ಬ ಇನ್ನೊಂದನ್ನು ನಾನು ಕಾಣೆ. ಗೇರು, ಮಾವು, ಬೂರುಗ ಅರಳುವ ಕಾಲವೂ ಅದೇ ಎಂಬುದನ್ನು ಗಮನಿಸಿದಾಗ ಮೈ ಜುಮ್ಮೆಂದಿತು. ಮೇಲೆ ನೋಡಿದರೆ ಸತ್ತಂತೆ ಕಾಣುವ ನೆಲದ ಒಳಗೆ ಏನೋ ನಡೆಯುತ್ತಿದೆ ಎಂದು ಅವರಿಗೆ ಹೂವೇ ಹೇಳಿರಬೇಕು. ಇದು ನನ್ನ ಊಹೆ. ಆದರೆ ಬಿಡಲು ಮನಸ್ಸಿಲ್ಲದ ಊಹೆ.

ನೆರೆಮನೆಯ ದೊಡ್ಡಮ್ಮನನ್ನು ಕೇಳಿದೆ, “ದೊಡ್ಡಮ್ಮ, ಈಗಲೂ ಎಣ್ಣೆ ಎರೆಯುವುದುಂಟಾ? ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ ಆಯ್ತಲ್ಲ?”

“ತುಳಸಿಯ ಬುಡದಲ್ಲಿ ಒಂದು ಮುಷ್ಟಿ ಮಣ್ಣು ಉಂಟಲ್ಲ ಮಗಾ,” ಎಂದರು. “ಅವಳಿಗೆ ಅಷ್ಟು ಸಾಕು.”

ಇನ್ನು ಕಕ್ಕೆ. ತುಳುವಿನಲ್ಲಿ ಕೊಂದೆ. ಎಪ್ರಿಲ್‌ನಲ್ಲಿ ಕೃಷ್ಣಾಪುರದ ಕಡೆಗೋ ಚೇಳಾಯ್ರಿನ ಕಡೆಗೋ ಹೋಗುವ ದಾರಿಯಲ್ಲಿ ಒಂದು ತಿರುವಿನಾಚೆ ಇದ್ದಕ್ಕಿದ್ದಂತೆ ಹಳದಿ! ಎಲೆಯೇ ಕಾಣದ ಹಾಗೆ, ಮೊಳದುದ್ದ ಗೊಂಚಲುಗಳು ಕೆಳಮುಖವಾಗಿ ತೂಗಿ, ಬಿಸಿಲೇ ಹೆಪ್ಪುಗಟ್ಟಿ ನಿಂತಿರುವ ಹಾಗೆ. ನೂರು ಸಲ ನೋಡಿದವರಿಗೂ ಅಲ್ಲಿ ಕಾಲು ನಿಲ್ಲುತ್ತದೆ.

ಒಂದು ಹೂವನ್ನು ಹತ್ತಿರದಿಂದ ನೋಡಿ, ದಯವಿಟ್ಟು. ಐದು ಎಸಳು, ಹತ್ತು ಕೇಸರ. ಆದರೆ ಹತ್ತೂ ಒಂದೇ ಅಲ್ಲ! ಮೂರು ಕೇಸರಗಳು ಉದ್ದಕ್ಕೆ ಬಳುಕಿ ಮುಂದೆ ಚಾಚಿವೆ, ನಾಲ್ಕು ನಡುಗಾತ್ರದವು, ಇನ್ನು ಮೂರು ತೀರ ಗಿಡ್ಡ. ಏಕೆ ಹೀಗೆ? ಕಕ್ಕೆಯ ಹೂವಿನಲ್ಲಿ ಮಕರಂದ ಇಲ್ಲ. ಬರುವ ದುಂಬಿಗೆ ಅದು ಕೊಡುವುದು ಪರಾಗವನ್ನೇ. ಆದರೆ ಇದ್ದ ಪರಾಗವನ್ನೆಲ್ಲ ದುಂಬಿಯೇ ತಿಂದರೆ ಇನ್ನೊಂದು ಹೂವಿಗೆ ಹೋಗುವುದು ಏನು? ಹಾಗಾಗಿ ನಡುಗಾತ್ರದ ಕೇಸರಗಳು ಊಟಕ್ಕೆ, ಉದ್ದದವು ವಂಶಕ್ಕೆ. ದೊಡ್ಡ ಕಪ್ಪು ದುಂಬಿ, ಮನೆಯ ಪಕಾಸಿಗೆ ತೂತು ಕೊರೆಯುತ್ತದಲ್ಲ, ಅದೇ, ಹೂವನ್ನು ತಬ್ಬಿ ಹಿಡಿದು ಮೈ ಝೇಂಕರಿಸುತ್ತದೆ. ಆ ಕಂಪನಕ್ಕೆ ಕೇಸರದ ಸಣ್ಣ ಕಿಂಡಿಯಿಂದ ಪರಾಗ ಚಿಮ್ಮುತ್ತದೆ. ಅದು ಹೊಟ್ಟೆ ತುಂಬಿಸಿಕೊಳ್ಳುವಾಗ ಉದ್ದ ಕೇಸರಗಳು ಸದ್ದಿಲ್ಲದೆ ಅದರ ಮೈಗೆ ಬೇರೆ ಪರಾಗ ಬಳಿಯುತ್ತವೆ. ಒಂದೇ ಹೂವಿನಲ್ಲಿ ಅನ್ನದಾನಕ್ಕೊಂದು ಪಾಲು, ನಾಳೆಗೊಂದು ಪಾಲು! 1880ರ ದಶಕದಲ್ಲಿ ಬ್ರೆಜಿಲಿನಲ್ಲಿದ್ದ ನಿಸರ್ಗತಜ್ಞ ಫ್ರಿಟ್ಜ್ ಮ್ಯೂಲರ್ ಇಂಥ ಹೂಗಳನ್ನು ನೋಡಿ ಬರೆದರು. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ದಿನಗಳಲ್ಲಿ ತಲೆ ಕೆಡಿಸಿಕೊಂಡ ಒಗಟುಗಳಲ್ಲಿ ಇದೂ ಒಂದು. ನಮ್ಮ ಕಾಂಪೌಂಡಿನ ಆಚೆ ಅದು ಪ್ರತಿ ಎಪ್ರಿಲ್ ಬೆಳಿಗ್ಗೆ ನಡೆಯುತ್ತಿದೆ.

ಪಗ್ಗು ತಿಂಗಳ ಮೊದಲ ದಿನ, ಎಪ್ರಿಲ್ 14 ಅಥವಾ 15, ಬಿಸು. ಹಿಂದಿನ ರಾತ್ರಿಯೇ ದೇವರ ಮುಂದೆ ಕಣಿ ಇಡುತ್ತಾರೆ: ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಗೇರುಹಣ್ಣು, ಹಲಸು, ಚಿನ್ನ, ಕೊಂದೆ ಹೂ, ಮತ್ತು ಒಂದು ಕನ್ನಡಿ. ಬೆಳಿಗ್ಗೆ ಎದ್ದವರು ಮೊದಲು ಅದನ್ನೇ ನೋಡಬೇಕು. ಮಕ್ಕಳು ಕಣ್ಣು ಮುಚ್ಚಿಕೊಂಡು ಬರುತ್ತಾರೆ. ಕಣ್ಣು ತೆರೆದರೆ ಫಲ, ಹೂ, ಅವುಗಳ ನಡುವೆ ಕನ್ನಡಿಯಲ್ಲಿ ಸ್ವಂತ ಮುಖ. ವರ್ಷದ ಮೊದಲ ನೋಟದಲ್ಲಿ ಮನುಷ್ಯ ತನ್ನನ್ನು ಆ ಹೂಹಣ್ಣುಗಳ ಪೈಕಿ ಒಂದಾಗಿ ನೋಡುತ್ತಾನೆ! ಇಡೀ ಒಂದು ದರ್ಶನ ಆ ಹರಿವಾಣದಲ್ಲಿ ಇದೆ. ಮಧ್ಯಾಹ್ನ ತೊಂಡೆಕಾಯಿಗೆ ಹಸಿ ಗೇರುಬೀಜ ಹಾಕಿದ ಪಲ್ಯ. ಜನವರಿಯಲ್ಲಿ ನಾವು ಮೂಸಿದ ಹೂ ಬಾಳೆ ಎಲೆಗೆ ಬಂದು ಬಿತ್ತು.

ಒಂದು ಆತಂಕವನ್ನೂ ಹೇಳಬೇಕು. ಕಕ್ಕೆ ಈಗೀಗ ಬಿಸುವನ್ನು ಕಾಯುತ್ತಿಲ್ಲ. ಕೇರಳದಲ್ಲಿ ಇದು ರಾಜ್ಯದ ಹೂ. ಅಲ್ಲಿ ಶಾಲಾ ಮಕ್ಕಳು, ಶಿಕ್ಷಕರು ಮರಗಳನ್ನು ವಾರವಾರ ನೋಡಿ ಬರೆದಿಡುವ ‘ಸೀಸನ್‌ವಾಚ್’ ಎಂಬ ಯೋಜನೆ 2010ರಿಂದ ನಡೆಯುತ್ತಿದೆ. ಅಲ್ಲಿನ ಬಿಸುವಾದ ವಿಷುವಿಗೆ ಬಹಳ ಮೊದಲೇ ಹಲವು ಮರಗಳು ಅರಳಿಬಿಡುವುದು ಅವರ ದಾಖಲೆಯಲ್ಲಿ ಸಿಗುತ್ತದೆ. ಸುರತ್ಕಲ್‌ನಲ್ಲಿಯೂ ಫೆಬ್ರವರಿಯಲ್ಲೇ ಹಳದಿ ಕಂಡದ್ದುಂಟು. ಸೆಕೆ ಏರುತ್ತಿದೆ, ಅಕಾಲದಲ್ಲಿ ಮಳೆ ಬೀಳುತ್ತಿದೆ. ಹೂವಿನಲ್ಲಿ ಭರವಸೆ ಕಾಣುವವರು ಹೂವಿನ ಗಾಬರಿಯನ್ನೂ ಕಾಣಬೇಕಾಗುತ್ತದೆ.

ಮಲ್ಲಿಗೆಗೆ ಬರುತ್ತೇನೆ. ಇಷ್ಟು ಹೊತ್ತು ತಡೆದುಕೊಂಡದ್ದೇ ದೊಡ್ಡದು!

ಸುರತ್ಕಲ್ ಪೇಟೆಯ ಹೂವಿನ ಅಂಗಡಿಯ ಎದುರು ಮಾರ್ಚ್ ತಿಂಗಳಲ್ಲಿ ನಿಂತರೆ ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆಯ ಚೆಂಡುಗಳು. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹೂ ಇದು. ಇದರ ಲೆಕ್ಕವೇ ಬೇರೆ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯೆಂದರೆ 3,200 ಮೊಗ್ಗು. ಒಂದೊಂದನ್ನೂ ಬೆಳಗಿನ ಜಾವ ಬಾಗಿ ಕಿತ್ತು, ಒಂದೊಂದನ್ನೂ ಬೆರಳಿನಲ್ಲಿ ಕಟ್ಟಬೇಕು. ಮಳೆಗಾಲದಲ್ಲೂ ಚಳಿಯಲ್ಲೂ ಗಿಡ ಮಂಕಾಗಿರುತ್ತದೆ. ಬಿಸಿಲೇರಿದ ಮೇಲೆ ಸುಗ್ಗಿ.

“ಅಕ್ಕ, ಹೂ ಬೇಕಾ? ಇವತ್ತು ಕಡಿಮೆಗೆ ಉಂಟು. ಶುಕ್ರವಾರ ಕೇಳಿದ್ರೆ ಸಿಗುದಿಲ್ಲ ಆಯ್ತಾ,” ಎಂದು ಅಂಗಡಿಯವರು ಎಚ್ಚರಿಸುತ್ತಾರೆ. ಮದುವೆ, ನೇಮ, ಜಾತ್ರೆಗಳ ದಿನ ನೋಡಿ ಶಂಕರಪುರದಲ್ಲಿ ಪ್ರತಿದಿನ ದರ ನಿಗದಿಯಾಗುತ್ತದೆ.

ಈ ಗಿಡದ ಬಗ್ಗೆ ನನ್ನನ್ನು ಬೆರಗಾಗಿಸಿದ ಸಂಗತಿ ಬೇರೆಯೇ ಇದೆ. ಇಷ್ಟು ಹೂ ಬಿಡುವ ಈ ಮಲ್ಲಿಗೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಬೀಜ ಬಿಡುವುದಿಲ್ಲ! ಹಕ್ಕಿ ಹರಡುವುದಿಲ್ಲ, ಗಾಳಿ ಒಯ್ಯುವುದಿಲ್ಲ. ಇನ್ನೊಂದು ಗಿಡ ಆಗಬೇಕಾದರೆ ಒಬ್ಬರು ರೆಂಬೆ ತುಂಡುಮಾಡಿ ಇನ್ನೊಬ್ಬರ ಕೈಗೆ ಕೊಡಲೇಬೇಕು. ಅಂದರೆ ನೀವು ಇಂದು ಮುಡಿದ ಮಲ್ಲಿಗೆಯ ಹಿಂದೆ ಕೈಯಿಂದ ಕೈಗೆ ದಾಟಿದ ರೆಂಬೆಗಳ ಉದ್ದದ ಸಾಲೇ ಇದೆ. ಶಂಕರಪುರದ ಸುತ್ತ ಕ್ರೈಸ್ತ ಮನೆಗಳ ಅಂಗಳದಲ್ಲೂ ಹಿಂದೂ ಮನೆಗಳ ಅಂಗಳದಲ್ಲೂ ಈ ಗಿಡ ಬೆಳೆಯುತ್ತದೆ. ಅಲ್ಲಿ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಕ್ರೈಸ್ತ ಬಾಯಮ್ಮ ಒಬ್ಬರ ಹತ್ತಿರ ಕೇಳಿದೆ, “ಈ ಗಿಡ ನಿಮಗೆ ಎಲ್ಲಿಂದ ಸಿಕ್ಕಿತು ಬಾಯಮ್ಮ?” ಅವರು ಬೆರಳು ನಿಲ್ಲಿಸದೆ, “ಆಚೆಮನೆ ಶೆಡ್ತಿಯವರು ಕೊಟ್ಟದ್ದು. ನಾನು ಮತ್ತೆ ಎಷ್ಟು ಮನೆಗೆ ಕೊಟ್ಟಿದ್ದೇನೋ!” ಎಂದರು.

ಅವರು ಕಟ್ಟಿದಂಥ ಚೆಂಡುಗಳು ಹೋಗುವ ಜಾಗಗಳಲ್ಲಿ ಒಂದು ಬಪ್ಪನಾಡು. ಸುರತ್ಕಲ್‌ನಿಂದ ಉತ್ತರಕ್ಕೆ ಮುಕ್ಕ, ಹಳೆಯಂಗಡಿ, ಪಡುಪಣಂಬೂರು ದಾಟಿದರೆ ಮುಲ್ಕಿ. ಅಲ್ಲಿ ಶಾಂಭವಿ ನದಿಯ ಸನಿಹ ದುರ್ಗಾಪರಮೇಶ್ವರಿಯ ದೇವಸ್ಥಾನ. ಐತಿಹ್ಯದ ಪ್ರಕಾರ, ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ನದಿಯಲ್ಲಿ ಮುಂದೆ ಚಲಿಸದೆ ನಿಂತಿತು, ದೇವಿ ಅವನ ಕನಸಿಗೆ ಬಂದಳು, ಮುಲ್ಕಿಯ ಜೈನ ಸಾವಂತ ಅರಸರ ಆಶ್ರಯದಲ್ಲಿ ಗುಡಿ ಕಟ್ಟಲಾಯಿತು. ಇಂದಿಗೂ ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದದ ಮರ್ಯಾದೆ ಸಲ್ಲುತ್ತದೆ. ಮಾರ್ಚ್–ಎಪ್ರಿಲ್‌ನಲ್ಲಿ ಬರುವ ಆ ಜಾತ್ರೆಯ ಒಂದು ರಾತ್ರಿ ಶಯನೋತ್ಸವ. ಊರೂರಿನಿಂದ ಭಕ್ತರು ಮಲ್ಲಿಗೆ ತಂದು ಒಪ್ಪಿಸುತ್ತಾರೆ. ಚೆಂಡಿನ ಮೇಲೆ ಚೆಂಡು, ಬುಟ್ಟಿಯ ಮೇಲೆ ಬುಟ್ಟಿ, ಲಕ್ಷಗಟ್ಟಲೆ ಹೂ, ಗರ್ಭಗುಡಿಯೇ ಮಲ್ಲಿಗೆಯ ಹಾಸಿಗೆ! ದೇವಿ ಹೂವಿನಲ್ಲಿ ಮಲಗುತ್ತಾಳೆ. ಮರುದಿನ ಆ ಹೂವೇ ಪ್ರಸಾದ.

ಸ್ವಲ್ಪ ನಿಂತು ಯೋಚಿಸಿ! ಕ್ರೈಸ್ತ ಹೆಂಗಸು ನಸುಕಿನಲ್ಲಿ ಕಿತ್ತು ಕಟ್ಟಿದ ಹೂ, ಮುಸ್ಲಿಂ ವ್ಯಾಪಾರಿಯ ಕನಸಿನಲ್ಲಿ ಹುಟ್ಟಿದ ಗುಡಿಗೆ, ಜೈನ ಅರಸರ ಸೀಮೆಯಲ್ಲಿ, ದುರ್ಗೆಗೆ ಹಾಸಿಗೆ. ಇದನ್ನು ಯಾರೂ ಸೌಹಾರ್ದದ ಕಾರ್ಯಕ್ರಮ ಎಂದು ಯೋಜನೆ ಹಾಕಿ ಮಾಡಿದ್ದಲ್ಲ.

ಈ ಮಾತನ್ನು ಸುರತ್ಕಲ್‌ನಲ್ಲಿ ಕೂತು ಬರೆಯುವುದು ಸುಲಭವಲ್ಲ. 2022ರ ಮಾರ್ಚ್‌ನಲ್ಲಿ ಇದೇ ಬಪ್ಪನಾಡಿನ ಜಾತ್ರೆಯ ಹೊತ್ತಿಗೆ ಮುಸ್ಲಿಂ ವ್ಯಾಪಾರಿಗಳು ಬೇಡ ಎನ್ನುವ ಬ್ಯಾನರ್ ಎದ್ದಿತು. ಅದೇ ವರ್ಷದ ಜುಲೈ ಕೊನೆಗೆ, ಆಟಿ ತಿಂಗಳಲ್ಲೇ, ಸುರತ್ಕಲ್ ಪೇಟೆಯಲ್ಲಿ ಒಬ್ಬ ಯುವಕನ ಕೊಲೆ ನಡೆದು, ಅಂಗಡಿಗಳು ಮುಚ್ಚಿ, ನಿಷೇಧಾಜ್ಞೆ ಬಂತು. ಹೂವಿನ ಅಂಗಡಿಯೂ ಬಾಗಿಲು ಹಾಕಿತು. ಆ ರಾತ್ರಿಗಳ ಮೌನವನ್ನು ಇಲ್ಲಿಯವರು ಮರೆತಿಲ್ಲ. ಆ ಆಟಿಯ ನೀರನ್ನೂ ಮರಗಳು ಕುಡಿದವು, ಮುಂದಿನ ಮಾಯಿಯಲ್ಲಿ ಅರಳಿದವು. ಅದು ಯಾವ ಗಾಯವನ್ನೂ ಮಾಯಿಸಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಹೂವನ್ನು ಸಮಾಧಾನವಾಗಿ ತೋರಿಸಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಮಾರ್ಚ್ ಬಂದಾಗ ಶಂಕರಪುರದ ಅಂಗಳಗಳಲ್ಲಿ ಬೆರಳುಗಳು ಮತ್ತೆ ಹೂ ಕಟ್ಟಿದವು, ಹೂ ಮತ್ತೆ ಬಪ್ಪನಾಡಿಗೆ ಹೋಯಿತು. ರೆಂಬೆಯನ್ನು ಕೊಡುವುದು ನಿಂತರೆ ಗಿಡವೇ ನಿಲ್ಲುತ್ತದೆ ಎಂದು ತಿಳಿದ ಕೈಗಳು ಅವು. ನನ್ನ ನಂಬಿಕೆ ಆ ಕೈಗಳ ಮೇಲಿದೆ.

ಕೊನೆಗೆ ಸುರಗಿ. ಇದನ್ನು ನೋಡಲು ಹಠ ಬೇಕು. ಪಶ್ಚಿಮಘಟ್ಟ ಮತ್ತು ಅದರ ಕರಾವಳಿಯ ಸೆರಗಿನಲ್ಲಷ್ಟೇ ಬೆಳೆಯುವ ಮರ, ಹೆಚ್ಚಾಗಿ ಉಳಿದಿರುವುದು ಹಳೆಯ ನಾಗಬನ, ದೈವದ ಬನ, ಹಳೆ ತೋಟದ ಅಂಚುಗಳಲ್ಲಿ. ಹೂ ಹೊಸ ಚಿಗುರಿನ ತುದಿಯಲ್ಲಿ ಬರುವುದಿಲ್ಲ. ಹಳೆಯ ಕೊಂಬೆಯ ಒರಟು ತೊಗಟೆಯನ್ನೇ ಸೀಳಿಕೊಂಡು, ಮುತ್ತಿನಂಥ ಬಿಳಿ ಮೊಗ್ಗು ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ! ಬೆಳಕು ಹರಿಯುವ ಮೊದಲು ಮರ ಹತ್ತಿ ಮೊಗ್ಗು ಇಳಿಸಿ ಮಾಲೆ ಕಟ್ಟುತ್ತಾರೆ. ಅರಳಿದರೆ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಹೊರೆ. ಪರಿಮಳವನ್ನು ನಾನು ವರ್ಣಿಸಲಾರೆ, ಸೋತೆ. ಮಾಲೆ ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೂ ಅದು ಹೋಗುವುದಿಲ್ಲ. ಸೀರೆಯ ಮಡಿಕೆಯಲ್ಲಿ, ದೇವರ ಪಟದ ಮೇಲೆ ತಿಂಗಳುಗಟ್ಟಲೆ ಇರುತ್ತದೆ. ಯು. ಆರ್. ಅನಂತಮೂರ್ತಿ 2012ರಲ್ಲಿ ತಮ್ಮ ಆತ್ಮಕಥನಕ್ಕೆ ಇದರ ಹೆಸರನ್ನೇ ಇಟ್ಟರು. ರೆಂಜೆಯ ಹೂವಿನದೂ ಇದೇ ಗುಣ, ರಾತ್ರಿ ಉದುರಿದ್ದನ್ನು ಬೆಳಿಗ್ಗೆ ಹೆಕ್ಕಿ ಪೋಣಿಸಿದರೆ ಒಣಗಿದ ಮೇಲೂ ದಿನಗಟ್ಟಲೆ ಕಂಪು.

ಆದರೆ ಬನಗಳು ಹೋಗುತ್ತಿವೆ. ಮರ ಕಡಿದು, ನೆಲಕ್ಕೆ ಗ್ರಾನೈಟ್ ಹಾಸಿ, ಸುತ್ತ ಸಿಮೆಂಟಿನ ಗೋಡೆ ಎಬ್ಬಿಸಿ, ನಾಗನ ಕಲ್ಲಿಗೆ ಹೊಸ ಕಟ್ಟೆ ಕಟ್ಟುವುದನ್ನು ಜೀರ್ಣೋದ್ಧಾರ ಎನ್ನುತ್ತಿದ್ದಾರೆ. ನಾಗಮಂಡಲದಲ್ಲಿ ನಾಗಪಾತ್ರಿ ಮುಖಕ್ಕೆ ಒತ್ತಿಕೊಳ್ಳುವುದು ಹಿಂಗಾರವನ್ನು, ಹಾಳೆ ಸೀಳಿ ತೆಗೆದ ಅಡಿಕೆಯ ಎಳೆಹೂವನ್ನು. ಹೂವಿಲ್ಲದೆ ಆವೇಶವೇ ಇಲ್ಲದ ಆರಾಧನೆ ನಮ್ಮದು. ಮರವಿಲ್ಲದ ಬನದಲ್ಲಿ ನಾಗ ಇರುತ್ತಾನೆಂದು ನನಗೆ ಅನ್ನಿಸುವುದಿಲ್ಲ, ಇದನ್ನು ಭಕ್ತಿಯಿಂದಲೇ ಹೇಳುತ್ತಿದ್ದೇನೆ. ನಿಮ್ಮ ಕುಟುಂಬದ ಬನದ ಸಭೆ ನಡೆದಾಗ, ಕಟ್ಟೆಗೆ ಚಂದಾ ಎತ್ತುವಾಗ, ಎದ್ದು ನಿಂತು ಒಂದು ಮಾತು ಹೇಳಿ: ಸುರಗಿ, ರೆಂಜೆ, ಹಾಲೆ ಯಾವುದಿದ್ದರೂ ಕಡಿಯಬೇಡಿ.

ಕಕ್ಕೆಯನ್ನಾದರೂ ನೀವೇ ಬೆಳೆಸಬಹುದು. ಉದ್ದನೆಯ ಕಪ್ಪು ಕೋಡು ಮರದ ಕೆಳಗೇ ಬಿದ್ದಿರುತ್ತದೆ. ಒಡೆದು ಬೀಜ ತೆಗೆಯಿರಿ. ಸಿಪ್ಪೆ ಬಹಳ ಗಟ್ಟಿ, ಹಾಗೇ ಬಿತ್ತಿದರೆ ಬೇಗ ಮೊಳೆಯುವುದಿಲ್ಲ. ಒಂದು ಬದಿಯನ್ನು ಕಲ್ಲಿಗೋ ಉಪ್ಪುಕಾಗದಕ್ಕೋ ತುಸು ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ ಬರುತ್ತದೆ. ದೈವಗಳ ಕೋಲ ನಿಲ್ಲುತ್ತದೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಡಲಿನಿಂದ ಮೋಡ ಏರುತ್ತದೆ. ಬೀಜ ಬಿತ್ತಲು ಅದೇ ಸರಿಯಾದ ಕಾಲ.